ಅವ್ವನ ಓಲೆ

ಈಗಲೂ ನಾನು ಎಕ್ಸರೇಗೆಂದು ನನ್ನ ಓಲೆ ಬಿಚ್ಚಿ ಅಂಗೈಯಲ್ಲಿ ಹಿಡಿದರೆ, ಆ ಬಂಗಾರದ ಬಿಸುಪಿಗೆ ಹೊಸಪೇಟೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವ್ವನ ದವಡೆ ಸೆಟೆದುಕೊಂಡು ಮೂರು ತಿಂಗಳಾಗಿತ್ತು. ಒಂದು ಬೆರಳು ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಹಲ್ಲಿನ ಸಂದಿಯಿಂದ ಜೋಳದ ಗಂಜಿ ಹೀರುತ್ತಿದ್ದಳು. ಕಿವಿಯ ಮುಂದಿನ ಕೀಲನ್ನು ನೋಡಬೇಕೆಂದು ಡಾಕ್ಟರು ಎಕ್ಸರೇಗೆ ಬರೆದುಕೊಟ್ಟಿದ್ದರು.

“ಓಲಿ ತೆಗೀಬೇಕ್ರಿ, ಇಲ್ಲಾಂದ್ರ ಕೀಲು ಕಾಣಂಗಿಲ್ಲ,” ಎಂದ ಎಕ್ಸರೇ ತೆಗೆಯುವವನು. “ಬರೀ ಕಿವಿ ಬ್ಯಾಡಂದ್ರ ತೂತಿಗೆ ಬೇವಿನ ಕಡ್ಡಿ ಇಟ್ಕೊಳ್ರಿ.”

ಅಪ್ಪನ ತಾಯಿ, ನಮ್ಮ ಅಜ್ಜಿ, ಅಡ್ಡ ನಿಂತಳು. “ಗಂಡ ಲಾರಿ ತಗೊಂಡು ಸಂಡೂರು ಗುಡ್ಡಕ್ಕ ಹೋಗ್ಯಾನ. ಮುತ್ತೈದಿ ಕಿವಿ ಬರಿದು ಮಾಡಬಾರ್ದಪ್ಪ. ಓಲಿ ಇರ್ಲಿ, ಹಂಗ ಫೋಟೋ ಹೊಡಿ.”

ಅವ್ವ ಸೆರಗಿನ ಮರೆಯಲ್ಲಿ ಓಲೆಯ ತಿರುಪು ಸಡಿಲಿಸುತ್ತ ನನ್ನತ್ತ ನೋಡಿದಳು. ಸುಮ್ಮನಿರೆಂದು ಕಣ್ಣಲ್ಲೇ ಬೇಡಿಕೊಂಡಳು.

“ಅಜ್ಜಿ, ಅವ್ವ ಓಲಿ ಬಿಚ್ಚಾಕತ್ತಾಳ,” ಎಂದೆ ನಾನು.

ಅಜ್ಜಿಯೇ ಬಂದು ತಿರುಪು ಬಿಗಿ ಮಾಡಿದಳು.

ಫಿಲಮ್ಮಿನಲ್ಲಿ ಕೀಲು ಕಾಣಬೇಕಾದ ಕಡೆ ಓಲೆಗಳದೇ ಎರಡು ಬಿಳಿ ಹೂಗಳಿದ್ದವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಏನೂ ತಿಳಿಯುವುದಿಲ್ಲವೆಂದು ಅಜ್ಜಿಯ ಕೈಗೆ ವಾಪಸು ಕೊಟ್ಟರು. ಆಮೇಲೆ ಯಾರೂ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ.

ಅಂದು ಸಂಜೆ ಅಪ್ಪ ಮೈತುಂಬ ಅದಿರಿನ ಕೆಂಪು ಧೂಳು ಹೊತ್ತು ಮನೆಗೆ ಬಂದ.

“ನೋಡಿದೇನು, ಓಲಿ ಇದ್ದದ್ದಕ್ಕ ನನ್ನ ಮಗ ಸುಖವಾಗಿ ಬಂದ,” ಎಂದಳು ಅಜ್ಜಿ.

ಗಂಜಿಯ ಲೋಟ ಹಿಡಿದಿದ್ದ ಅವ್ವ ಹೌದೆಂದು ತಲೆಯಾಡಿಸಿದಳು. ಅದಕ್ಕೆ ಬಾಯಿ ತೆರೆಯಬೇಕಾಗಿರಲಿಲ್ಲ.