ಕೊನೆಯ ಮನೆಯ ವಾಸನೆ

ಅವರು ಎರಡನೇ ಲೋಟ ಚಹಾ ಕೇಳಿದರು.

ತಂಗಿಗೆ ನಂಬಲಾಗಲಿಲ್ಲ. ಚಹಾ ಮಾಡಿದ್ದು ಹಿತ್ತಲಿನ ಬೋರ್ ನೀರಿನಲ್ಲಿ, ಬೇಕೆಂತಲೇ. ಹದಿನೈದು ದಿನದಿಂದ ಆ ನೀರನ್ನು ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ಮುಟ್ಟುತ್ತಿರಲಿಲ್ಲ. ಕೊಡ ತುಂಬಿದರೆ ಸೀಮೆಎಣ್ಣೆ ಸುರಿದ ಹಾಗೆ ಘಾಟು. ಒಂದು ಗುಟುಕಿಗೇ ಉಗುಳುತ್ತಾರೆ, ಉಗುಳಿದವರು ‘ವಾಸನೆ ಇಲ್ಲ’ ಎಂದು ಬರೆಯಲಾರರು ಎಂದುಕೊಂಡಿದ್ದಳು. ಮೂಗಿನ ಸಾಹೇಬರು ಮೊದಲ ಲೋಟವನ್ನು ತಳದವರೆಗೆ ಬರಿದು ಮಾಡಿ ತುಟಿ ಒರೆಸಿಕೊಂಡಿದ್ದರು.

“ಸಕ್ಕರೆ ಹದವಾಗಿದೆ ತಾಯಿ.”

“ಅಷ್ಟೇನಾ ಸಾರ್? ಬೇರೇನೂ ಅನ್ನಿಸಲಿಲ್ವಾ?”

“ಬಿಸಿಯಾಗೂ ಇದೆ.”

‘ಮೂಗಿನ ಸಾಹೇಬರು’ ಎಂಬುದು ಬೀದಿಯವರು ಇಟ್ಟ ಹೆಸರು. ಎದೆಯ ಮೇಲಿನ ಬಿಲ್ಲೆಯಲ್ಲಿ ಇದ್ದದ್ದು 417 ಎಂಬ ನೌಕರಿ ಸಂಖ್ಯೆ ಮಾತ್ರ. ಅಡುಗೆಮನೆಯ ಗೋಡೆಯಿಂದ ಎಂಟೇ ಅಡಿ ಆಚೆ, ನೆಲದೊಳಗೆ, ನಲವತ್ತು ವರ್ಷ ಹಳೆಯ ಎಣ್ಣೆ ಕೊಳವೆ. ಮೂರು ವರ್ಷದ ಹಿಂದೆ ಪಂಪ್‌ಹೌಸಿಗೆ ಬೆಂಕಿ ಬಿದ್ದಾಗ ಮುಚ್ಚಿದ್ದರು. ಈಗ ಮತ್ತೆ ಶುರು. ಹದಿನೈದು ದಿನದಿಂದ ಅರ್ಧ ಒತ್ತಡದಲ್ಲಿ ಎಣ್ಣೆ ಹರಿಸುತ್ತಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಪೂರ್ತಿ ಒತ್ತಡ. ಅಷ್ಟರೊಳಗೆ ಸಾಲಿನ ಐವತ್ತೆರಡು ಮನೆಗಳನ್ನೂ ಕಂಪನಿಯ ಪರೀಕ್ಷಕರು ಮೂಸಿ ನೋಡಿರಬೇಕು. ಒಂದೇ ಒಂದು ಮನೆಗೆ ‘ಇದೆ’ ಎಂದು ಬಿದ್ದರೂ ಎಣ್ಣೆ ನಿಲ್ಲಿಸಿ ನೆಲ ಅಗೆಯಲೇಬೇಕು. ಐವತ್ತೊಂದು ಮನೆಗೆ ‘ಇಲ್ಲ’ ಎಂದೇ ಬಿದ್ದಿತ್ತು. ಇದು ಕೊನೆಯದು.

“ಆ ಮೂಗನ್ನ ಕಂಪನಿ ಕೊಂಡ್ಕೊಂಡಿದೆ ಕಣಮ್ಮಾ, ಮುಖಾನ ಮಾತ್ರ ಅವನಿಗೇ ಬಿಟ್ಟಿದೆ” ಎಂದು ಪಕ್ಕದ ಮನೆಯ ಟೈಲರ್ ನಿನ್ನೆಯೇ ಹೇಳಿದ್ದ.

ಒಳಗೆ ಬಂದಾಗ ಸಾಹೇಬರು ಮೊದಲು ಹೋದದ್ದು ಗ್ಯಾಸ್ ಒಲೆಯ ಹತ್ತಿರ. ಬಗ್ಗಿ, ನಾಬ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ್ದರು. “ನಮ್ಮನೆಯವಳು ಹಚ್ಚಿದ ಅಭ್ಯಾಸ” ಎಂದು ಸಪ್ಪೆಯಾಗಿ ನಕ್ಕಿದ್ದರು. ಆಮೇಲೆ ಹಿತ್ತಲಲ್ಲಿ ಮೊಣಕಾಲೂರಿ, ಮಣ್ಣಿಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ ಮೂರು ಸಲ ಉಸಿರೆಳೆದಿದ್ದರು. ಬಗ್ಗಿದಾಗ ಕಾಲರಿನ ಕೆಳಗೆ ಕತ್ತಿನ ಚರ್ಮ ಸುಟ್ಟು ಕೂಡಿದಂತೆ ನುಣ್ಣಗೆ ಹೊಳೆಯಿತು. ಎಂಥ ನಾಟಕ ಎಂದುಕೊಂಡಳು ತಂಗಿ. ಜೊತೆಗೆ ಬಂದ ಇಂಜಿನಿಯರಿಗೆ ಆ ನಾಟಕವೂ ಬರುತ್ತಿರಲಿಲ್ಲ. ಗೇಟಿನಾಚೆ ಕಾರಿನ ಗಾಜು ಏರಿಸಿಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು.

ಒಳಕೋಣೆಯಿಂದ ಅಕ್ಕ ಮಗುವನ್ನೆತ್ತಿಕೊಂಡು ಬಂದಳು. ಐದು ತಿಂಗಳ ಕೂಸು. ಎರಡು ವಾರದಿಂದ ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು.

“ಇದನ್ನೂ ಒಂದ್ಸಲ ನೋಡಿ ಬರೀರಿ ಸಾರ್” ಎಂದು ಅವರ ಪಕ್ಕದಲ್ಲೇ ಕೂತಳು.

ಕೂತದ್ದೇ ಮಗುವಿಗೆ ಭೇದಿಯಾಯಿತು. ಬಟ್ಟೆ ದಾಟಿ ನೆಲಕ್ಕೂ ಇಳಿಯಿತು. ತಂಗಿ ದುಪಟ್ಟಾವನ್ನು ಮೂಗಿಗೇರಿಸಿದಳು. ಹೆತ್ತ ಅಕ್ಕನೇ ಉಸಿರು ಬಿಗಿಹಿಡಿದಳು. ಸಾಹೇಬರು ಕುರ್ಚಿ ಸರಿಸಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಎರಡನೇ ಲೋಟವನ್ನು ನಿಧಾನವಾಗಿ ಗುಟುಕರಿಸುತ್ತಿದ್ದರು. ಸಂಬಳಕ್ಕಾಗಿ ಮನುಷ್ಯ ಏನನ್ನು ಬೇಕಾದರೂ ನುಂಗಬಲ್ಲ ಎನ್ನಿಸಿ ತಂಗಿಗೆ ಮೈಯೆಲ್ಲ ಹೇಸಿತು.

“ನಿಮಗೂ ಮಕ್ಕಳಿದಾರೆ ಅಲ್ವಾ ಸಾರ್?” ಅಕ್ಕ ಕೇಳಿದಳು.

“ಇಬ್ಬರು.”

“ಅವರ ಮೇಲೆ ಆಣೆ ಮಾಡಿ ಹೇಳಿ. ನಮ್ಮ ಹಿತ್ತಲಲ್ಲಿ ನಿಮಗೆ ವಾಸನೆ ಬರಲಿಲ್ವಾ?”

ಲೋಟ ಟೀಪಾಯಿಯ ಮೇಲೆ ಕೂತಿತು. ಅವರು ಮಗುವಿನ ಕಡೆ ತಿರುಗಿದರು.

“ಇಬ್ಬರ ಮೇಲೂ ಆಣೆ. ನನಗೆ ಏನೂ ಬರಲಿಲ್ಲಮ್ಮ. ನಾನು ಸುಳ್ಳು ಬರೆಯೋನಲ್ಲ. ಅದಕ್ಕೇ ನನ್ನ ಈ ಕೆಲಸಕ್ಕೆ ಹಾಕಿರೋದು.”

“ಥೂ!” ಎಂದಳು ತಂಗಿ. ಹೊರಗಿನವರ ಮುಂದೆ ಅವಳು ದನಿಯೆತ್ತಿದ್ದು ಅದೇ ಮೊದಲು. ಅಕ್ಕ ಬೆಚ್ಚಿ ತಿರುಗಿದಳು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು.

ಮುದ್ರಿತ ನಮೂನೆಯಲ್ಲಿ ‘ಇಲ್ಲ’ ಎಂದು ಬರೆದರು. ಮನೆಯವರ ಪ್ರತಿಗೆಂದು ಚೀಲದಿಂದ ಹಳೆಯ ಹಾಳೆಗಳ ಕಟ್ಟು ತೆಗೆದರು. ಒಂದು ಮಗ್ಗುಲು ಮುದ್ರಣವಾಗಿದ್ದ ಕಚೇರಿಯ ರದ್ದಿ. “ಕಾಗದ ಉಳಿಸಬೇಕು ಅಂತ ನಮ್ಮಲ್ಲಿ ಆರ್ಡರ್” ಎಂದು ಗೊಣಗಿದರು. ಮೇಲಿನ ಹಾಳೆಗೆ ಕೈಹಾಕಿದವರು ಅದನ್ನು ಬಿಟ್ಟು, ಕಟ್ಟಿನ ಅಡಿಯಿಂದ ಒಂದನ್ನು ಎಳೆದು, ಅದರ ಖಾಲಿ ಮಗ್ಗುಲಲ್ಲಿ ಮತ್ತೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದರು.

“ಆಕ್ಷೇಪಣೆ ಇದ್ರೆ ಸಂಜೆ ಐದರೊಳಗೆ ಜಿಲ್ಲಾ ಕಚೇರಿಗೆ ಕೊಡಬಹುದು. ಪುರಾವೆ ಬೇಕಾಗುತ್ತೆ.”

“ವಾಸನೆಗೆ ಪುರಾವೆ ಎಲ್ಲಿಂದ ತರೋದು ಸಾರ್? ಡಬ್ಬಿಲಿ ಹಿಡ್ಕೊಂಡು ಹೋಗ್ಲಾ?” ಎಂದಳು ತಂಗಿ.

“ಈ ಹಾಳೆ ಕಳ್ಕೋಬೇಡಿ ತಾಯಿ” ಎಂದರು ಅವರು, ಅದನ್ನು ತಂಗಿಯ ಕೈಗಿತ್ತು, ಎದ್ದು ಚಪ್ಪಲಿ ಮೆಟ್ಟುತ್ತಾ.

ಕಾರು ಹೊರಟಿತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

“ನಿಂತು ಏನ್ ನೋಡ್ತೀಯೆ? ಒಂದು ಹಳೇ ಪೇಪರ್ ತಗೊಂಡು ನೆಲ ಬಳಿ” ಎಂದಳು ಅಕ್ಕ.

ತಂಗಿ ಕೈಯಲ್ಲಿದ್ದ ಹಾಳೆಯನ್ನೇ ನೋಡಿದಳು. ಆ ಸಹಿಗೆ ಇದಕ್ಕಿಂತ ತಕ್ಕ ಜಾಗ ಇನ್ನೆಲ್ಲಿ? ಬಗ್ಗಿ, ಮಡಿಚಿ, ಹೊಲಸಿನ ಅಂಚಿಗೆ ತಂದಳು. ಮಡಿಚಿದಾಗ ಮುದ್ರಣದ ಮಗ್ಗುಲು ಮೇಲೆ ಬಂದಿತ್ತು. ಅವಳ ಕೈ ಅಲ್ಲೇ ನಿಂತಿತು.

‘ಪಂಪ್‌ಹೌಸ್ ಬೆಂಕಿಯಲ್ಲಿ ವಾಸನೆ ಗ್ರಹಿಸುವ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡಿರುವುದಾಗಿ ವೈದ್ಯರು ದೃಢಪಡಿಸಿರುವ ನೌಕರ ಸಂಖ್ಯೆ 417 ಇವರನ್ನು, ಕೊಳವೆ ಸಾಲಿನ ಮನೆಗಳಿಗೆ ವಾಸನೆ ಪರೀಕ್ಷಕರನ್ನಾಗಿ ನೇಮಿಸಲಾಗಿದೆ.’