ಕೆನ್ನೆಗೆ ತಾಗಿದ ಬೋರ್ಡು

ವೆಲ್ಡಿಂಗ್ ಕೆಲಸದ ಅಪ್ಪ ಕಂಪ್ಯೂಟರ್ ಅಂಗಡಿಯ ನಡುವೆ ನಿಂತು ಮದರ್‌ಬೋರ್ಡನ್ನು ಕೆನ್ನೆಗೆ ಒತ್ತಿಕೊಂಡಾಗ, ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದು ಮಗಳಿಗೆ ಅನ್ನಿಸಿತು. ಮಧ್ಯೆ ಬಾಯಿ ಹಾಕಬೇಡಿ ಎಂದು ಬಾಗಿಲಲ್ಲೇ ಹೇಳಿ ಕರೆತಂದಿದ್ದಳು. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದು ಅವಳ ಹುಚ್ಚು. ಆ ಕಾವಿಗೆ ಹಳೆಯ ಬೋರ್ಡು ಸುಟ್ಟುಹೋಗಿತ್ತು. ಅವಳ ಕೈಗೆಟುಕುವ ಬೆಲೆಯವು ಈ ಅಂಗಡಿಯಲ್ಲಿ ಎರಡೇ ಇದ್ದವು.

"ಬೆಳ್ಳಿ ಬಣ್ಣದ್ದೇ ತಗೊಳ್ಳಿ," ಎಂದ ಅಂಗಡಿಯವನು. "ಬಿಸಿ ಎಳ್ಕೊಳ್ಳೋ ಹೀಟ್‌ಸಿಂಕ್ ಎಷ್ಟು ದೊಡ್ಡದಿದೆ ನೋಡಿ."

ಅಪ್ಪ ಕೆನ್ನೆಗೊತ್ತಿಕೊಂಡಿದ್ದ ಅದನ್ನು ಕೆಳಗಿಟ್ಟು, ಪಕ್ಕದ ಕಪ್ಪು ಬೋರ್ಡನ್ನೂ ಕೆನ್ನೆಗೆ ತಾಗಿಸಿದರು. "ಅದು ಬಣ್ಣ ಬಳಿದ ಪ್ಲಾಸ್ಟಿಕ್ಕು. ಇದು ಲೋಹ, ತಣ್ಣಗೆ ಕೊರೀತಿದೆ. ಚಿಕ್ಕದಾದ್ರೂ ಬಿಸಿ ಎಳ್ಕೊಳ್ಳೋದು ಇದೇ." ಅಂಗಡಿಯವನು ಬೆಳ್ಳಿ ಬಣ್ಣದ್ದನ್ನು ಉಗುರಿನಿಂದ ತಟ್ಟಿ ನೋಡಿ ಪಕ್ಕಕ್ಕೆ ಸರಿಸಿದ.

"ಕೈಯಲ್ಲಿ ಮುಟ್ಟಿ ನೋಡ್ಬಾರ್ದಿತ್ತಾ ಅಪ್ಪ? ಎಲ್ರೂ ನೋಡ್ತಿದಾರೆ," ಮಗಳು ಪಿಸುಗುಟ್ಟಿದಳು.

"ಈ ಬೆರಳಿಗೆ ಬಿಸಿ, ತಣ್ಣಗೆ ಒಂದೂ ಗೊತ್ತಾಗಲ್ಲಮ್ಮ. ಸುಟ್ಟು ಸುಟ್ಟು ಜಡ್ಡುಗಟ್ಟಿದಾವೆ, ನೀನು ಹುಟ್ಟೋಕೆ ಮುಂಚೆನೇ," ಎಂದರು ಅಪ್ಪ, ಬಸ್ಸು ತಡವಾಯಿತು ಎನ್ನುವಷ್ಟೇ ಸಲೀಸಾಗಿ.

ಚಿಕ್ಕಂದಿನಲ್ಲಿ ಅವಳಿಗೆ ಜ್ವರ ಬಂದಾಗಲೆಲ್ಲ ಅಮ್ಮ ಹಣೆಗೆ ಕೈ ಇಟ್ಟು ನೋಡಿದರೆ, ಅಪ್ಪ ಕೆನ್ನೆ ಇಟ್ಟು ನೋಡುತ್ತಿದ್ದರು. ಗಡ್ಡ ಚುಚ್ಚುತ್ತದೆಂದು ಅವಳು ಮುಖ ತಿರುಗಿಸಿಬಿಡುತ್ತಿದ್ದಳು.