ಬೋರ್ಡಿಗೇರಿದ ಮಾತು

"ಇವಳಲ್ದೆ ಇನ್ಯಾರು ಕದೀತಾರೆ?" ಎಂದು ಮೇಲ್ವಿಚಾರಕ ಮೇಜು ಗುದ್ದಿದ.

ಅದು ಮೈಕ್ರೋಸ್ಕೋಪ್ ದುರಸ್ತಿ ಮಾಡುವ ಕಾರ್ಖಾನೆ. ಆ ಬೆಳಿಗ್ಗೆ ಇನ್ನೊಂದು ಲೆನ್ಸ್ ಮಾಯವಾಗಿತ್ತು, ಊಟ ಮುಗಿದೊಡನೆ ಸಭೆ ಸೇರಿತ್ತು. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಕೊಳವೆಯೊಳಗೆ ಕೂರಿಸಿದ ಗಾಜು, ಕೊಳವೆಯ ಸುತ್ತ ಹಸಿರು ಪಟ್ಟಿ, ಹೊರಗೆ ಮಾರಿದರೆ ಕೈತುಂಬ ಹಣ. ಎರಡು ತಿಂಗಳಲ್ಲಿ ಇದು ನಾಲ್ಕನೆಯದು. ಗುಡಿಸುವ ಹೆಂಗಸು ಪೊರಕೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಈ ಕೆಲಸ ಹೋದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಇವಳೇ ಅಂತ ಹೇಗೆ ಹೇಳ್ತೀರಿ?" ಕರಿಹಲಗೆಯ ಪಕ್ಕದಿಂದ ಮೇಷ್ಟ್ರು ಕೇಳಿದರು. ಕೈಯಲ್ಲಿ ಸೀಮೆಸುಣ್ಣ ಸಿದ್ಧವಾಗಿತ್ತು.

"ಇವಳು ಸೇರಿದ ಮೇಲೇ ತಾನೆ ಇದೆಲ್ಲ ಶುರುವಾಗಿದ್ದು?"

ಮೇಷ್ಟ್ರು ನಿಟ್ಟುಸಿರು ಬಿಟ್ಟು ಬೋರ್ಡಿನ ಎಡಕ್ಕೆ ಅವನ ಮಾತು ಬರೆದರು, ಬಲಕ್ಕೆ ಅದರ ದೋಷ: 'ಆಮೇಲೆ ಆಯಿತು, ಆದ್ದರಿಂದ ಅದರಿಂದಲೇ ಆಯಿತು.'

ಮೇಷ್ಟ್ರು ಎಂಬುದು ಅಡ್ಡಹೆಸರು. ದುರಸ್ತಿಯಾದ ಯಂತ್ರಗಳನ್ನು ಪರೀಕ್ಷಿಸುವುದು ಅವರ ಕೆಲಸ. ಹಿಂದೆಂದೋ ಎರಡು ವರ್ಷ ತರ್ಕಶಾಸ್ತ್ರ ಪಾಠ ಹೇಳಿದ್ದರು, ಆ ಚಾಳಿ ಹೋಗಿರಲಿಲ್ಲ. ಊಟದ ಹೊತ್ತಿನ ತಮಾಷೆಗೆಂದು ಶುರುವಾದ ಬೋರ್ಡು ಬರಬರುತ್ತ ಕಾರ್ಖಾನೆಯ ಕಾನೂನೇ ಆಗಿತ್ತು. ಬೋರ್ಡಿಗೇರಿದ ಮಾತು ಸತ್ತಂತೆ. ಅದನ್ನು ಯಾರೂ ಮತ್ತೆ ಎತ್ತುವಂತಿಲ್ಲ, ಸಭೆಯ ವರದಿಯಲ್ಲೂ ಸೇರಿಸುವಂತಿಲ್ಲ. ಈ ನಿಯಮವನ್ನು ಅವರೆಲ್ಲ ಕೈಯೆತ್ತಿ ಒಪ್ಪಿದ್ದರು. ದಡ್ಡತನಕ್ಕೊಂದು ಶಾಸ್ತ್ರದ ಹೆಸರು ಸಿಕ್ಕರೆ ದಡ್ಡರಿಗೆ ಅದೂ ಒಂದು ಪದವಿ.

"ಎಲ್ರೂ ಇವಳೇ ಅಂತಿದಾರೆ," ಟೈಪಿಸ್ಟ್ ಬಾಯಿ ಹಾಕಿದಳು. "ಇಷ್ಟು ಜನ ಸುಳ್ಳು ಹೇಳ್ತಾರಾ?"

"ಇಷ್ಟು ಜನ ಸೇರಿ ಕೂಗಿದ್ರೆ ಗಡಿಯಾರ ಮುಂದಕ್ಕೆ ಹೋಗುತ್ತೇನಮ್ಮ?" 'ಗುಂಪಿನ ದೋಷ.'

ಉಗ್ರಾಣದ ಮುದುಕ ಗಂಟಲು ಸರಿಮಾಡಿಕೊಂಡ. ಒಂದು ಮಾತಾಡಲು ಅವನಿಗೆ ಅರ್ಧ ಗಂಟೆ ಬೇಕು. "ನಾಲ್ಕೂ ಹೋಗಿರೋದು ಬುಧವಾರ. ಪರೀಕ್ಷೆ ದಿನ. ಅದ್ಯಾಕೆ ಅಂತ…"

"ಬುಧವಾರ ನೀವು ನೀಲಿ ಅಂಗಿ ಹಾಕ್ತೀರಿ. ಅಂಗಿ ಕದ್ದಿತಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಮುದುಕನೂ ಹಲ್ಲು ಕಿರಿದ, ನಾಚಿಕೆಗೇಡಿ. ಬೋರ್ಡಿನ ಬಲಕ್ಕೆ 'ಕಾಕತಾಳೀಯ' ಎಂದು ಬಿತ್ತು.

"ಇವಳಣ್ಣ ಜೈಲು ಕಂಡೋನು," ಎಂದ ಪಾಲಿಶ್ ಮಾಡುವವನು.

"ಅಣ್ಣ ಉಂಡ್ರೆ ತಂಗಿಗೆ ಅಜೀರ್ಣವಾ? ತಲೆ ಇದೆಯೇನಯ್ಯಾ ನಿಂಗೆ?" 'ನಂಟಿನ ದೋಷ.'

ಹೆಂಗಸು ಇಷ್ಟು ಹೊತ್ತು ತಡೆದಿದ್ದಳು. "ಸ್ವಾಮಿ, ಮನೇಲಿ ಮಗಳಿದಾಳೆ, ನಾನೊಬ್ಬಳೇ ದುಡಿಯೋಳು…" ಎಂದು ಅತ್ತಳು.

"ಕಣ್ಣೀರು ವಾದ ಅಲ್ಲಮ್ಮ," ಎಂದು ಮೇಷ್ಟ್ರು ಅವಳ ಮಾತನ್ನೂ ಬೋರ್ಡಿಗೇರಿಸಿದರು. ಮುಲಾಜು ಅವರ ಜಾಯಮಾನದಲ್ಲೇ ಇರಲಿಲ್ಲ. ಎಲ್ಲದರಲ್ಲೂ ಅವರದು ಒಂಟಿ ದಾರಿ, ಊಟವೂ ತಮ್ಮ ಮೂಲೆಯಲ್ಲೇ. ಉಳಿದವರೆಲ್ಲ ಉಂಡ ಡಬ್ಬಿಯನ್ನು ತೊಳೆಯಲೆಂದು ಆ ಹೆಂಗಸಿನ ಮುಂದೆ ಎಸೆದು ಏಳುತ್ತಿದ್ದರು. ಮೇಷ್ಟ್ರು ಮಾತ್ರ ತಮ್ಮ ಡಬ್ಬಿಯನ್ನು ಹಾಗೇ ಮನೆಗೆ ಒಯ್ಯುತ್ತಿದ್ದರು. ತನ್ನ ಎಂಜಲನ್ನು ಇನ್ನೊಬ್ಬರ ಕೈಯಲ್ಲಿ ತೊಳೆಸದ ದೊಡ್ಡ ಮನುಷ್ಯ ಎಂದು ಟೈಪಿಸ್ಟ್ ಹೊಗಳುವುದಿತ್ತು.

ಮೇಲ್ವಿಚಾರಕನ ತಾಳ್ಮೆ ಮುಗಿಯಿತು. "ಹಾಗಾದ್ರೆ ಇರೋದು ಎರಡೇ ದಾರಿ. ಇಲ್ಲಾ ಇವಳನ್ನ ಕಳಿಸ್ಬೇಕು, ಇಲ್ಲಾ ದಿನಾ ಗೇಟಲ್ಲಿ ಎಲ್ಲರ ಚೀಲ, ಡಬ್ಬಿ ಬಿಚ್ಚಿಸಿ ನೋಡ್ಬೇಕು."

"ಎರಡೇ ಅಂತ ಯಾರು ಹೇಳಿದ್ರು ನಿಮಗೆ? ಮೂರನೇದು ಹೊಳೀಲಿಲ್ಲ ಅಂದ್ರೆ ಅದು ನಿಮ್ಮ ತಲೆಯ ಬಡತನ." 'ಎರಡೇ ದಾರಿಯ ದೋಷ.' ಸೀಮೆಸುಣ್ಣದ ಒಂದೇ ಗೀಟಿಗೆ ಎರಡು ದಾರಿಯೂ ಮುಚ್ಚಿದವು.

ಮೇಲ್ವಿಚಾರಕ ಬೋರ್ಡು ನೋಡಿದ. ತುಂಬಿಹೋಗಿತ್ತು.

"ಆಯ್ತು. ಇರ್ಲಿ ಇವಳು."

ಹೆಂಗಸು ಮೇಷ್ಟ್ರಿಗೆ ಕೈ ಮುಗಿದಳು. "ನಿಮ್ಮ ಋಣ ಹೇಗೆ ತೀರಿಸ್ಲಿ ಮೇಷ್ಟ್ರೇ? ಏನಾದ್ರೂ ಮಾಡ್ಲೇಬೇಕು ನಾನು."

"ನಿನ್ನ ಉಳಿಸಿದ್ದು ನಾನಲ್ಲ, ಇವರ ದಡ್ಡತನ. ಹೋಗು, ಕೆಲಸ ನೋಡು."

ಅವಳು ಕಣ್ಣೊರೆಸಿಕೊಂಡು ಹೊರಗೆ ಹೋದಳು. ಮೇಷ್ಟ್ರಿಗೆ ಇನ್ನೂ ತೃಪ್ತಿಯಾಗಿರಲಿಲ್ಲ. ಸೋತವರನ್ನು ಕೂರಿಸಿಕೊಂಡು ಪಾಠ ಹೇಳುವ ಸುಖವನ್ನು ಅವರು ಬಿಡುವವರಲ್ಲ. ಬೋರ್ಡನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದಿಸಿದರು. ಮೇಲ್ವಿಚಾರಕ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಕೇಳಿದ. ಕಾಕತಾಳೀಯ ಬಂದಾಗ ಮುದುಕ ತಲೆ ತಗ್ಗಿಸಿದ.

"ಕಳ್ಳನನ್ನಾದ್ರೂ ಸಹಿಸ್ತೀನಿ, ಕೆಟ್ಟ ವಾದವನ್ನ ಸಹಿಸಲ್ಲ," ಎಂದರು ಮೇಷ್ಟ್ರು. "ವರದಿ ಬರೀರಿ. ಯಾರ ಮೇಲಿನ ಅನುಮಾನಕ್ಕೂ ಆಧಾರ ಇಲ್ಲ, ತಪಾಸಣೆ ಬೇಕಿಲ್ಲ."

ಟೈಪಿಸ್ಟ್ ಟಕಟಕ ಬಡಿದಳು. ಒಬ್ಬೊಬ್ಬರಾಗಿ ಸಹಿ ಹಾಕಿದರು.

ಆಗ ಹೆಂಗಸು ಒದ್ದೆ ಕೈಯಲ್ಲೇ ಒಳಗೆ ಬಂದಳು. ಕಂಕುಳಲ್ಲಿ ಒಂದು ಸ್ಟೀಲ್ ಡಬ್ಬಿ, ಹನಿ ಹನಿ ನೀರು ಸೋರುತ್ತಿತ್ತು. ಅದನ್ನು ನೋಡಿದ ಮೇಷ್ಟ್ರು ತಮ್ಮ ಮೂಲೆಯ ಕಡೆ ತಿರುಗಿದರು. ಅಲ್ಲಿ ಡಬ್ಬಿಯಿಟ್ಟಿದ್ದ ಬೆಂಚು ಖಾಲಿಯಿತ್ತು. ಅವರು ಬಾಯಿ ತೆರೆದರು, ಆದರೆ ಬೋರ್ಡಿಗೇರಿಸಲು ಅವಳಿನ್ನೂ ಏನೂ ವಾದಿಸಿರಲಿಲ್ಲ.

"ನಿಮ್ಮ ಡಬ್ಬಿನಾದ್ರೂ ತೊಳೆದು ಕೊಡೋಣ ಅಂತ ತಗೊಂಡೋದೆ ಮೇಷ್ಟ್ರೇ," ಎಂದು ಅವಳು ಹಸಿರು ಪಟ್ಟಿಯ ಹಿತ್ತಾಳೆ ಕೊಳವೆಯನ್ನು ವರದಿಯ ಮೇಲಿಟ್ಟಳು, "ಉಳಿದ ಅನ್ನದ ಅಡಿ ಇದಿತ್ತು, ಇದನ್ನೂ ತೊಳೀಬೇಕಾ?"